ಜನ ಹೆಚ್ಚಿದಾಗ ನೆಲ ಯಾರದ್ದಾಯಿತು? ವಯನಾಡಿನ ಒಂದು ಓದು

ಅಭಿವೃದ್ಧಿಶೀಲ ದೇಶಗಳ ಜನಸಂಖ್ಯೆ ಅಂದ ಕೂಡಲೇ ಶಾಲೆಯಲ್ಲಿ ಬರೆದ ಪ್ರಬಂಧ ನೆನಪಾಗುತ್ತೆ: ಬಡತನ, ಅನಕ್ಷರತೆ, ಬಾಲ್ಯವಿವಾಹ ಕಾರಣಗಳು, ನಿರುದ್ಯೋಗ, ಆಹಾರದ ಕೊರತೆ ಪರಿಣಾಮಗಳು. ವಯನಾಡಿಗೆ ಈ ಪಟ್ಟಿ ಸಾಲುವುದಿಲ್ಲ. ಅಲ್ಲಿ ಎಷ್ಟು ಜನ ಹೆಚ್ಚಿದರು ಎಂಬುದರ ಜೊತೆಗೆ, ಅವರು ಎಲ್ಲಿಂದ ಬಂದರು, ನೆಲ ಯಾರ ಕೈ ಸೇರಿತು ಎಂದೂ ಕೇಳಬೇಕು.

ಮೊದಲು ತಿರುವಾಂಕೂರು ಸಂಸ್ಥಾನ ನೋಡೋಣ. 1901ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 29.5 ಲಕ್ಷ, 1941ಕ್ಕೆ 60 ಲಕ್ಷ ದಾಟಿತು. ಜನ ಇದ್ದಕ್ಕಿದ್ದಂತೆ ಹೆಚ್ಚು ಮಕ್ಕಳನ್ನು ಹೆತ್ತರು ಅಂತಲ್ಲ. ಸಾವು ಇಳಿಯಿತು, ಜನನ ಅಷ್ಟು ಬೇಗ ಇಳಿಯಲಿಲ್ಲ. ಮುಂದೆ ಏಷ್ಯಾ, ಆಫ್ರಿಕಾದ ಬಹಳಷ್ಟು ದೇಶಗಳಲ್ಲೂ ಆದದ್ದು ಇದೇ. ಜಮೀನು ಪಾಲಾಗುತ್ತಾ ಚೂರಾಯಿತು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ನಿಂತಿತು. ರೈತ ಕುಟುಂಬಗಳು ಗಂಟುಮೂಟೆ ಕಟ್ಟಿ ಮಲಬಾರಿನ ಕಡೆ ಹೊರಟವು.

ಆಗ ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಯಲ್ಲಿದ್ದ ವಯನಾಡಿಗೆ ಹೊರಗಿನವರು ಬರಲು ಹೆದರುತ್ತಿದ್ದುದು ಮಲೇರಿಯಾದಿಂದ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಡಿಡಿಟಿ ಬಂದ ಮೇಲೆ ಆ ಹೆದರಿಕೆಯೂ ಕಡಿಮೆಯಾಯಿತು. 1951ರಲ್ಲಿ ಸುಮಾರು 1.7 ಲಕ್ಷವಿದ್ದ ಜನಸಂಖ್ಯೆ 1981ಕ್ಕೆ 5.5 ಲಕ್ಷವಾಯಿತು.

ಪರಿಣಾಮ ಎಲ್ಲರ ಮೇಲೂ ಒಂದೇ ಥರ ಆಗಲಿಲ್ಲ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬೆಟ್ಟಕುರುಬರು, ಕಾಟ್ಟುನಾಯ್ಕರು ಕಾಡನ್ನು ನಂಬಿ ಬದುಕಿದವರು, ಪಣಿಯರು ಜೀತದಲ್ಲಿದ್ದವರು. ಇವರ ಕೈಯಲ್ಲಿ ಪಟ್ಟಾ ಇರಲಿಲ್ಲ. ಕಾಗದಪತ್ರ ಮಾಡಿಸಿಕೊಳ್ಳಲು ಬಲ್ಲವರಿಗೆ ನೆಲ ಸಿಕ್ಕಿತು. ಹಾಗಂತ ವಲಸೆ ಬಂದವರನ್ನು ಖಳರೆನ್ನಲಾರೆ, ಅವರೂ ಹಸಿದೇ ಬಂದವರು. ಕೈತಪ್ಪಿದ ಭೂಮಿಯನ್ನು ಆದಿವಾಸಿಗಳಿಗೆ ಮರಳಿಸಲು ಕೇರಳ 1975ರಲ್ಲಿ ಕಾಯ್ದೆ ಮಾಡಿತು. ಅದರ ನಿಯಮಗಳು ಬಂದದ್ದು 1986ರಲ್ಲಿ. 2003ರಲ್ಲಿ ಮುತ್ತಂಗದ ಕಾಡಿನಲ್ಲಿ ಆದಿವಾಸಿಗಳು ಭೂಮಿ ಕೇಳಿ ಗುಡಿಸಲು ಹಾಕಿದಾಗ ಗೋಲಿಬಾರ್ ಆಯಿತು.

2011ರ ಗಣತಿಯಂತೆ ವಯನಾಡಿನಲ್ಲಿ ಪರಿಶಿಷ್ಟ ಪಂಗಡದವರು ಶೇ. 18.5 ಮಾತ್ರ. ಸುತ್ತ ಜನ ಬೆಳೆದಾಗ ಇವರು ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದರು. ಸಂತೆ, ಶಾಲೆ, ಕಚೇರಿಯ ಭಾಷೆ ಮಲಯಾಳವಾದ್ದರಿಂದ ಇವರ ನುಡಿ ಹಾಡಿಯೊಳಗೇ ಉಳಿಯಿತು.

ಈಗ ಜನಸಂಖ್ಯೆಯ ಓಟ ನಿಂತಿದೆ ಅಂತಲೇ ಹೇಳಬಹುದು: 2001ರಿಂದ 2011ರವರೆಗೆ ವಯನಾಡಿನ ಏರಿಕೆ ಶೇ. 5ಕ್ಕಿಂತ ಕಡಿಮೆ. ಆದರೆ ಜನನ ಪ್ರಮಾಣ ಇಳಿದ ಮಾತ್ರಕ್ಕೆ ಕಳೆದುಹೋದ ನೆಲ ವಾಪಸ್ ಬರುವುದಿಲ್ಲ. ತಾಳವಾಡಿ, ಕಾಸರಗೋಡು ಕಡೆಯ ಗೆಳೆಯರು ತಮ್ಮೂರಿನಲ್ಲಿ ಏನಾಯಿತೆಂದು ಚರ್ಚೆಯಲ್ಲಿ ಹೇಳಬೇಕಾಗಿ ಕೋರಿಕೆ.