ಪಾತ್ರೆಯ ಬಾಳಿಕೆ

ಅಡಿಗೆಮನೆಗೆ ಪಾತ್ರೆಯನ್ನು ಆರಿಸುವಾಗ ನಮ್ಮ ಹಿರಿಯರು ಬೆಲೆಗಿಂತಲೂ ಬಾಳಿಕೆಯನ್ನೇ ಎಣಿಸುತ್ತಿದ್ದರೆಂದು ಹೇಳುವುದುಂಟು. ಈ ಮಾತು ಅರ್ಧಸತ್ಯ. ತಾಮ್ರ ಹಿತ್ತಾಳೆಗಳು ತಮ್ಮಷ್ಟಕ್ಕೆ ತಾವೇ ಬಾಳಿದವುಗಳಲ್ಲ; ಕಲಾಯಿಗಾರನು ಅವುಗಳನ್ನು ಬಾಳಿಸಿದನು.

ಹುಳಿ ತಾಗಿದರೆ ತಾಮ್ರವೂ ಹಿತ್ತಾಳೆಯೂ ಕಿಲುಬುಗಟ್ಟುತ್ತವೆ. ಆ ಕಿಲುಬು ವಿಷ. ಹುಣಿಸೆ, ಪುನರ್ಪುಳಿಗಳಿಲ್ಲದ ಅಡಿಗೆ ನಮ್ಮಲ್ಲಿ ಅಪೂರ್ವವಾದುದರಿಂದ ಪಾತ್ರೆಯ ಒಳಮೈಗೆ ತವರದ ಲೇಪ ಅನಿವಾರ್ಯವಾಯಿತು. ಕಾಯಿಸಿದ ಪಾತ್ರೆಗೆ ನವಸಾಗರದ ಪುಡಿಯನ್ನು ಎರಚಿ, ತವರವನ್ನು ತಾಗಿಸಿ, ಕರಗಿದುದನ್ನು ಅರಳೆಯಿಂದ ಒರಸಿ ಹರಡಬೇಕು. ನವಸಾಗರವು ಲೋಹದ ಮೇಲಣ ಕಿಟ್ಟವನ್ನು ಕಳೆಯದಿದ್ದರೆ ತವರ ಹಿಡಿಯದು. ತವರವಾದರೋ 232 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವುದು. ಆದುದರಿಂದ ಕರಿಯುವುದಕ್ಕೆ ಕಬ್ಬಿಣದ ಬಾಣಲೆಯೇ ಬೇಕು. ಪಾಯಸಕ್ಕೊಂದು, ಹಪ್ಪಳಕ್ಕೊಂದು ಪಾತ್ರೆಯೆಂಬುದು ಆಡಂಬರವಾಗಿರಲಿಲ್ಲ. ಲೇಪ ಸವೆದಂತೆ ಮತ್ತೆ ಕಲಾಯಿ. ಪಾತ್ರೆ ಮಾತ್ರ ಅಜ್ಜಿಯಿಂದ ಮೊಮ್ಮಗಳಿಗೆ.

ಈ ಏರ್ಪಾಟನ್ನು ಸಡಿಲಿಸಿದುದು ಅಲ್ಯುಮಿನಿಯಮ್. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬವರು, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ವಿಧಾನವನ್ನು ಕಂಡುಕೊಂಡರು. ಒಂದು ಕಾಲಕ್ಕೆ ಬೆಳ್ಳಿಗಿಂತಲೂ ದುಬಾರಿಯಾಗಿದ್ದ ಲೋಹ ಅಗ್ಗವಾಯಿತು. 1898ರಲ್ಲಿ ಆಲ್ಫ್ರೆಡ್ ಚಾಟರ್‌ಟನ್ನರು ಮದರಾಸಿನ ಕಲಾಶಾಲೆಯಲ್ಲಿ ಅದರ ಪಾತ್ರೆಗಳನ್ನು ಮಾಡಿಸತೊಡಗಿದರು. 1903ರಲ್ಲಿ ಸರಕಾರವು ಆ ಉದ್ಯಮವನ್ನು ಕಂಪೆನಿಯೊಂದಕ್ಕೆ ವಹಿಸಿತು. ನಮ್ಮ ಕಾಸರಗೋಡೂ ಅಂದು ಮದರಾಸು ಪ್ರಾಂತಕ್ಕೇ ಸೇರಿದ್ದಿತು. (ಇದೇ ಚಾಟರ್‌ಟನ್ನರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು.)

ಅದೇ ಗಾತ್ರದ ತಾಮ್ರದ ಮೂರನೆಯ ಒಂದು ಪಾಲಿನಷ್ಟೇ ತೂಕ, ಕಲಾಯಿಯ ಗೊಡವೆಯಿಲ್ಲ. ಬಾವಿಯಿಂದ ಕೊಡ ಹೊರುವ ಹೆಂಗಸಿಗೆ ಇದು ಅಲ್ಪ ಉಪಕಾರವಲ್ಲ. ಹಿತ್ತಾಳೆಯನ್ನು ಬಾಯ್ತುಂಬ ಹೊಗಳುವವರು ಅದರ ಭಾರವನ್ನು ಹೊತ್ತವರಲ್ಲವೆಂದೇ ನಮಗೆ ತೋರುತ್ತದೆ. ಆದರೆ ಹುಳಿಗೆ ಈ ಲೋಹವೂ ತುಸು ತುಸು ಕರಗುವುದು. ತೆಳುವಾದುದು ಬೇಗ ತಗ್ಗು ಬೀಳುವುದು. ತೂತಾದರೆ ಗುಜರಿಯೇ ಗತಿ.

1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯವರು ಕೋವಿಯ ನಳಿಗೆಗೆ ತಕ್ಕ ಉಕ್ಕನ್ನು ಹುಡುಕುತ್ತಿದ್ದಾಗ ಕ್ರೋಮಿಯಮ್ ಬೆರೆಸಿದ ತುಕ್ಕು ಹಿಡಿಯದ ಉಕ್ಕು ದೊರೆಯಿತು. ಹುಳಿಗೆ ಅದು ಜಗ್ಗದು. ಆದರೆ ಶಾಖವನ್ನು ಸಮನಾಗಿ ಹರಡಲಾರದೆ ಹಾಲನ್ನು ತಳಹಿಡಿಸುವುದು. ಆದಕಾರಣ ಉತ್ತಮವಾದ ಉಕ್ಕಿನ ಪಾತ್ರೆಯ ತಳಕ್ಕೆ ತಾಮ್ರವನ್ನೋ ಅಲ್ಯುಮಿನಿಯಮನ್ನೋ ಕೂಡಿಸುತ್ತಾರೆ. ಕೊಳ್ಳುವಾಗ ಪಾತ್ರೆಯನ್ನು ಮಗುಚಿ ತಳವನ್ನು ನೋಡತಕ್ಕದ್ದು.

ಅಟ್ಟದ ಹಿತ್ತಾಳೆಯನ್ನು ಮತ್ತೆ ಒಲೆಗೇರಿಸುವ ಉತ್ಸಾಹವೂ ಈಚೆಗೆ ಕೆಲವು ಮನೆಗಳಲ್ಲಿ ಕಾಣುತ್ತಿದೆ. ಅದನ್ನು ಕೆಳಗಿಳಿಸುವ ಮುನ್ನ, ಸಮೀಪದಲ್ಲಿ ಕಲಾಯಿ ಹಾಕುವವರು ಯಾರಾದರೂ ಉಳಿದಿರುವರೇ ಎಂದು ವಿಚಾರಿಸಿಕೊಳ್ಳುವುದು ಲೇಸು.