ಬಾಲ ಕಳೆದುಕೊಂಡ ಇಲಿ

ಪಹಣಿಗಾಗಿ ಬಂದ ರೈತ ಅರ್ಧ ಗಂಟೆಯಿಂದ ಕಾದು ನಿಂತಿದ್ದಾನೆ. ಕರೆಂಟು ಇದೆ, ಗಣಕಯಂತ್ರ ಸರಿಯಾಗಿದೆ, ಪ್ರಿಂಟರಿನಲ್ಲಿ ಕಾಗದವೂ ಇದೆ. ಪರದೆಯ ಮೇಲಿನ ಬಾಣದ ಗುರುತು ಮಾತ್ರ ಕದಲುತ್ತಿಲ್ಲ. ಅಂಗಡಿಯವರು ವೈರ್‌ಲೆಸ್ ಮೌಸನ್ನು ಮೇಜಿಗೆ ನಾಲ್ಕು ಬಾರಿ ಕುಟ್ಟಿ, ಸೆಲ್ ತೆಗೆದು ಉಜ್ಜಿ ಮತ್ತೆ ಹಾಕುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಝೆರಾಕ್ಸ್ ಅಂಗಡಿ, ಡಿ.ಟಿ.ಪಿ. ಕೇಂದ್ರಗಳಲ್ಲಿ ಇದು ಅಪರೂಪದ ನೋಟವೇನಲ್ಲ.

ಅಂಗೈಯಲ್ಲಿ ಅಡಗುವ ಈ ಸಾಧನಕ್ಕೆ ಅರವತ್ತು ವರ್ಷಗಳ ಚರಿತ್ರೆಯಿದೆ. ಅದು ಕೈಕೊಡುವುದು ಸಾಮಾನ್ಯವಾಗಿ ನಾಲ್ಕೈದು ಕಡೆಗಳಲ್ಲಿ ಮಾತ್ರ. ಆ ಒಂದೊಂದು ಭಾಗವೂ ಚರಿತ್ರೆಯ ಒಂದೊಂದು ಘಟ್ಟದಲ್ಲಿ ಸೇರಿಕೊಂಡದ್ದು. ಆದ್ದರಿಂದ ಚರಿತ್ರೆ ತಿಳಿದರೆ ದುರಸ್ತಿಯ ಅರ್ಧ ದಾರಿ ತಿಳಿದಂತೆಯೇ ಸರಿ.

ಮರದ ಪೆಟ್ಟಿಗೆ

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಡಗ್ಲಸ್ ಎಂಗೆಲ್ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ 1964ರಲ್ಲಿ ಮೊದಲ ಮೌಸನ್ನು ತಯಾರಿಸಿದರು. ಅದೊಂದು ಮರದ ಪುಟ್ಟ ಪೆಟ್ಟಿಗೆ. ಮೇಲೆ ಒಂದೇ ಗುಂಡಿ, ಕೆಳಗೆ ಪರಸ್ಪರ ಲಂಬವಾಗಿ ತಿರುಗುವ ಎರಡು ಲೋಹದ ಚಕ್ರಗಳು. ತಂತಿ ಬಾಲದಂತೆ ಕಂಡದ್ದರಿಂದ 'ಇಲಿ' ಎಂಬ ಹೆಸರು ಬಂತು. ಆ ಹೆಸರಿಟ್ಟವರು ಯಾರೆಂಬುದು ಎಂಗೆಲ್ಬಾರ್ಟ್ ಅವರಿಗೇ ನೆನಪಿರಲಿಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದರ ಬಹಿರಂಗ ಪ್ರದರ್ಶನ ನಡೆಯಿತು.

ಅದೇ ವರ್ಷ ಜರ್ಮನಿಯ ಟೆಲಿಫುಂಕೆನ್ ಕಂಪನಿ ಚಕ್ರದ ಬದಲು ಉರುಳುವ ಗುಂಡು ಬಳಸಿದ ಸಾಧನವನ್ನು ಹೊರತಂದಿತು. 1983ರಲ್ಲಿ ಆಪಲ್ ಕಂಪನಿಯ 'ಲೀಸಾ', ಮರುವರ್ಷ 'ಮ್ಯಾಕಿಂಟಾಶ್' ಬಂದ ಮೇಲೆ ಮೌಸ್ ಜನಸಾಮಾನ್ಯರ ಮೇಜಿಗೆ ಬಂತು. ಗುಂಡಿನ ಮೌಸಿಗೆ ದೂಳೇ ಶತ್ರು. ಆದರೆ ತಳದ ಮುಚ್ಚಳ ತಿರುಗಿಸಿ, ಗುಂಡನ್ನು ಹೊರತೆಗೆದು, ಒಳಗಿನ ಉರುಳೆಗಳ ಕೊಳೆಯನ್ನು ಉಗುರಿನಿಂದ ಕೆರೆದರೆ ಮತ್ತೆ ಓಡುತ್ತಿತ್ತು. ರಿಪೇರಿಗೆ ಯಾರೂ ಬೇಕಿರಲಿಲ್ಲ.

ಈ ಭಾಗದ ಅನೇಕ ರೈತರಿಗೆ ಗಣಕಯಂತ್ರದ ಪರಿಚಯವಾದದ್ದು 'ಭೂಮಿ' ಯೋಜನೆಯಿಂದ. ಅಲ್ಲಿಯವರೆಗೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹ. 2000ದ ದಶಕದ ಆರಂಭದಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳು ಗಣಕಯಂತ್ರಕ್ಕೆ ಸೇರಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತಾಯಿತು. ಬೆಳೆಸಾಲದ ಕಾಗದವೂ ಮೌಸಿನ ಗುಂಡಿಯ ಮೇಲೆ ನಿಂತಿತು.

ಗುಂಡು ಹೋಯಿತು, ತಂತಿಯೂ ಹೋಯಿತು

1999ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಮೌಸಿನಲ್ಲಿ ಗುಂಡಿನ ಜಾಗಕ್ಕೆ ದೀಪ ಮತ್ತು ಪುಟ್ಟ ಕ್ಯಾಮೆರಾ ಬಂದವು. ಅದು ಕೆಳಗಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆಗೆದು, ಒಂದನ್ನೊಂದು ಹೋಲಿಸಿ ಚಲನೆಯನ್ನು ಅಳೆಯುತ್ತದೆ. ಗಾಜಿನ ಮೇಜಿನ ಮೇಲೆ ಬಾಣ ಹುಚ್ಚಾಪಟ್ಟೆ ಹಾರುವುದು ಇದರಿಂದಲೇ, ಹೋಲಿಸಲು ಅಲ್ಲಿ ಗುರುತುಗಳೇ ಸಿಗುವುದಿಲ್ಲ. ಒಂದು ಹಾಳೆ ಹಾಸಿದರೆ ಸಾಕು. ತಳದ ಕಿಂಡಿಯಲ್ಲಿ ಸಿಕ್ಕಿದ ಕೂದಲೆಳೆಯನ್ನು ಹತ್ತಿಯಿಂದ ತೆಗೆದರೂ ಎಷ್ಟೋ ಮೌಸ್‌ಗಳು ಬದುಕುತ್ತವೆ.

ತಂತಿಯ ಮಹಿಮೆ ಮಂಡ್ಯ ಜಿಲ್ಲೆಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ತಂತಿಯ ಮೇಲೆ ವಿದ್ಯುತ್ ಹರಿದಿತ್ತು. ಮೌಸ್ ಅದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಲಾಜಿಟೆಕ್ ಕಂಪನಿ 1984ರಲ್ಲಿ ಅತಿಗೆಂಪು ಕಿರಣ ಬಳಸಿ ತಂತಿಯನ್ನು ಬಿಡಿಸಿತು. ನಡುವೆ ಏನಾದರೂ ಅಡ್ಡ ಬಂದರೆ ಅದು ನಿಲ್ಲುತ್ತಿತ್ತು. 1991ರಲ್ಲಿ ರೇಡಿಯೊ ತರಂಗದ ಮೌಸ್ ಬಂದು ಆ ತೊಡಕು ನೀಗಿತು. ಆದರೆ ತಂತಿಯ ಜೊತೆಗೆ ಅದು ತರುತ್ತಿದ್ದ ವಿದ್ಯುತ್ತೂ ಹೋಯಿತು. ಸೆಲ್ ಮತ್ತು ರಿಸೀವರ್ ಎಂಬ ಎರಡು ಹೊಸ ಚಿಂತೆಗಳು ಸೇರಿಕೊಂಡವು.

ತಿಂಗಳುಗಟ್ಟಲೆ ಬಳಸದೆ ಬಿಟ್ಟ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಆಲ್ಕಲೈನ್ ಸೆಲ್‌ನ ಈ ಕ್ಷಾರವನ್ನು ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಬೇಕು. ಬರಿಗೈಯಲ್ಲಿ ಮುಟ್ಟಬಾರದು. ರಿಸೀವರನ್ನು ಸಿ.ಪಿ.ಯು. ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಸಿದರೆ ಲೋಹದ ಮೈ ತರಂಗವನ್ನು ತಡೆಯುತ್ತದೆ. ಸಾಮಾನ್ಯವಾಗಿ ನೀಲಿ ಬಣ್ಣವಿರುವ ಯು.ಎಸ್.ಬಿ. 3.0 ಕಿಂಡಿಯ ಸದ್ದು 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡಿಯಾಗುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿದೆ. ರಿಸೀವರನ್ನು ಮುಂಬದಿಯ ಬೇರೊಂದು ಕಿಂಡಿಗೆ ಬದಲಿಸುವುದೇ ಇದಕ್ಕೆ ಮದ್ದು.

ಗುಂಡಿಯ ಕಾಯಿಲೆ

ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುವುದು ಇನ್ನೊಂದು ದೂರು. ಮರದ ಪೆಟ್ಟಿಗೆಯ ಕಾಲದಿಂದ ಉಳಿದು ಬಂದ ಭಾಗವೆಂದರೆ ಈ ಗುಂಡಿಯೇ. ಅದರಡಿಯ ಪುಟ್ಟ ಸ್ವಿಚ್ಚಿನಲ್ಲಿ ತೆಳುವಾದ ಲೋಹದ ಪಟ್ಟಿಯಿದ್ದು, ಲಕ್ಷಾಂತರ ಬಾರಿ ಒತ್ತಿದ ಮೇಲೆ ಅದು ಸವೆದು ಕಿಲುಬು ಹಿಡಿಯುತ್ತದೆ. ತಳದ ಚೀಟಿಯ ಅಡಿಯಲ್ಲೋ ಜಾರುಪಟ್ಟಿಯ ಅಡಿಯಲ್ಲೋ ಅಡಗಿರುವ ತಿರುಪು ಬಿಚ್ಚಿ, ಹಳೆಯ ಸ್ವಿಚ್ ತೆಗೆದು, ಹೊಸದಕ್ಕೆ ಬೆಸುಗೆ ಹಾಕಿದರೆ ಮೌಸ್ ಸರಿಹೋಗುತ್ತದೆ. ಮೊಬೈಲ್ ರಿಪೇರಿ ಮಾಡುವವರಿಗೆ ಇದು ಕಷ್ಟದ ಕೆಲಸವಲ್ಲ.

ದುರಸ್ತಿಗೆ ಬಗ್ಗದ್ದು ಒಂದಿದೆ. ಬಹುಪಾಲು ಅಗ್ಗದ ಮೌಸ್‌ಗಳಿಗೆ ರಿಸೀವರಿನ ನಂಟು ಕಾರ್ಖಾನೆಯಲ್ಲೇ ಬೆಸೆದಿರುತ್ತದೆ. ಉಗುರಿನಷ್ಟಿರುವ ಅದು ಕಳೆದರೆ ಬೇರೆ ರಿಸೀವರ್ ಹೊಂದುವುದಿಲ್ಲ. ಕೆಟ್ಟಿರದ ಮೌಸ್ ಕಸವಾಗುತ್ತದೆ. ಗ್ರಾಹಕರ 'ರಿಪೇರಿ ಹಕ್ಕಿ'ಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿತು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕೆಟ್ಟ ಮೌಸನ್ನು ಸೆಲ್ ಸಮೇತ ತಿಪ್ಪೆಗೆಸೆಯುವ ಬದಲು ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸುವುದು ಸರಿಯಾದ ಕ್ರಮ.

ಹಾಗಾದರೆ ಬಾಲವಿದ್ದ ಇಲಿಯೇ ಮೇಲಲ್ಲವೇ? ದಿನವಿಡೀ ಒಂದೇ ಮೇಜಿನ ಮೇಲೆ ದುಡಿಯುವ ಅಂಗಡಿಗೆ ಅದು ನಿಜ. ತಂತಿಯ ಮೌಸಿಗೆ ಸೆಲ್ ಬೇಡ, ರಿಸೀವರ್ ಕಳೆಯುವ ಭಯವಿಲ್ಲ. ಅಂಥದ್ದೊಂದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರೆ, ಕೆಟ್ಟ ಮೌಸನ್ನು ಬಿಡುವಿನಲ್ಲಿ ಬಿಚ್ಚಿ ನೋಡಬಹುದು. ಸಾಲಿನಲ್ಲಿ ನಿಂತ ರೈತ ಪಹಣಿಯಿಲ್ಲದೆ ಊರಿನ ಬಸ್ಸು ಹತ್ತುವುದೂ ತಪ್ಪುತ್ತದೆ.