ಚರ್ಮದ ತೀವ್ರ ಗಾಯ: ಪ್ಲಾಸ್ಟಿಕ್ ಸರ್ಜರಿಯ ಸಮಯ

ಅಪಘಾತದಲ್ಲಿ ಚರ್ಮ ಕಿತ್ತು ಮೂಳೆ, ಸ್ನಾಯು ಹೊರಕಂಡಾಗ ಪ್ಲಾಸ್ಟಿಕ್ ಸರ್ಜರಿಯನ್ನು ಎಷ್ಟು ಬೇಗ ಮಾಡಬೇಕೆಂಬುದು ಮುಖ್ಯ ನಿರ್ಣಯ. ಇಂಥ ಅಪಘಾತಕ್ಕೆ ಒಂದು ಉದಾಹರಣೆ: ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲಿವೆ. ಸಿಂಧನೂರು ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಸೀಮೆ. ಸುಗ್ಗಿಯಲ್ಲಿ ರಸ್ತೆ ತುಂಬ ಟ್ರ್ಯಾಕ್ಟರ್‌ಗಳು. ಅವುಗಳ ಗಾಲಿಯಡಿ ಸಿಕ್ಕ ಕಾಲಿನ ಚರ್ಮ ಕಾಲುಚೀಲದಂತೆ ಕಳಚಿ ಬರಬಹುದು. ಆ ಚರ್ಮ ನೋಡಲು ಚೆನ್ನಾಗಿದ್ದರೂ ಅದರಡಿಯ ರಕ್ತನಾಳಗಳು ಹರಿದಿರುತ್ತವೆ; ಹಾಗೇ ಎಳೆದು ಹೊಲಿದರೆ ಕೆಲವೇ ದಿನಗಳಲ್ಲಿ ಕಪ್ಪಾಗಿ ಸಾಯುತ್ತದೆ. ಅವಸರದ ಈ ಹೊಲಿಗೆಯಿಂದ ಆಗುವ ನಷ್ಟ ದೊಡ್ಡದು.

ಮೂಳೆ ಮುರಿದು ತೆರೆದ ಗಾಯಕ್ಕೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಬೀಳಬೇಕು. ಧನುರ್ವಾಯು ಚುಚ್ಚುಮದ್ದೂ ಬೇಕು. ಇವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಕೊಟ್ಟು ಕಳಿಸಬಹುದು. ಆಮೇಲೆ ಸತ್ತ ಅಂಗಾಂಶ ಕತ್ತರಿಸಿ ಗಾಯ ತೊಳೆಯುವುದು. ದೇಹದ ಬೇರೆಡೆಯಿಂದ ರಕ್ತನಾಳ ಸಮೇತ ತಂದ ಅಂಗಾಂಶವನ್ನು ಗಾಯವಾದ 72 ಗಂಟೆಯೊಳಗೆ ಹೊದಿಸಿದರೆ ಸೋಂಕು ತೀರ ಕಡಿಮೆಯೆಂದು ಲ್ಯುಬ್ಲ್ಯಾನಾ ನಗರದ ಶಸ್ತ್ರಚಿಕಿತ್ಸಕ ಮಾರ್ಕೊ ಗೊಡಿನಾ ಅವರ, 1986ರಲ್ಲಿ ಪ್ರಕಟವಾದ, 532 ರೋಗಿಗಳ ಅಧ್ಯಯನ ತೋರಿಸಿತು. ಆದರೆ ಗಾಯ ಶುದ್ಧವಾಗದೆ ಮುಚ್ಚುವಂತಿಲ್ಲ. ಪ್ರಾಣಾಪಾಯವಿದ್ದರೆ ಪ್ರಾಣ ಉಳಿಸುವುದೇ ಮೊದಲು.

ಆಸ್ಪತ್ರೆ ತಲುಪುವ ಮೊದಲು ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಬಾರದು. ಶುದ್ಧ ಬಟ್ಟೆಯಿಂದ ಒತ್ತಿ ಕಟ್ಟಿ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.